ಹೆಂಗಸರೇ ಇಲ್ಲದ ಕುಟುಂಬ

‘ನನ್ನ ರಿಪೋರ್ಟು ಅಳಿಸಿಬಿಡಿ’ ಎಂಬ ದೂರು ಸಹಾಯವಾಣಿಯಿಂದ ನನ್ನ ಮೇಜಿಗೆ ಬಂದ ದಿನ ನಾನು ಮೊದಲೇ ಸಿಡಿಮಿಡಿಯಲ್ಲಿದ್ದೆ. ಬೆಳಿಗ್ಗೆ ಠಾಕುರ್ಲಿಯಲ್ಲಿ ಹತ್ತಿದ ಲೋಕಲ್ಲು ಮುಂಬ್ರಾದ ಹತ್ತಿರ ಕದಲದೆ ನಿಂತುಬಿಟ್ಟಿತ್ತು. ಠಾಣೆಯಲ್ಲಿ ಗಾಡಿ ಬದಲಿಸಿ ರಬಾಳೆಯ ಆಫೀಸು ಮುಟ್ಟುವಷ್ಟರಲ್ಲಿ ಅರ್ಧ ಮೀಟಿಂಗು ಮುಗಿದಿತ್ತು. ಅದರ ಮೇಲೆ ಇದು. ಜನರಿಗೆ ಅವರವರ ರಿಪೋರ್ಟು ಕೈಗೆ ಸಿಗಲಿ ಎಂದು ನಾವು ತಿಂಗಳುಗಟ್ಟಲೆ ಒದ್ದಾಡುತ್ತಿದ್ದರೆ ಇಲ್ಲೊಬ್ಬ ಮಹಾಶಯರಿಗೆ ಅದು ಬೇಡವಂತೆ! ಸಹಾಯವಾಣಿಯ ಹುಡುಗಿ ಕೆಳಗೊಂದು ಟಿಪ್ಪಣಿ ಹಾಕಿದ್ದಳು: ‘ಮತ್ತೆ ಮತ್ತೆ ಫೋನು ಮಾಡುತ್ತಿದ್ದಾರೆ. ಹಿಂದಿ ಅರ್ಧಂಬರ್ಧ. ಸಿಟ್ಟಿಲ್ಲ, ಹೆದರಿದ್ದಾರೆ. ಕನ್ನಡದವರು ಮಾತಾಡಿದರೆ ಒಳ್ಳೆಯದು.’ ಆ ಆಫೀಸಿನಲ್ಲಿ ಕನ್ನಡದವರೆಂದರೆ ಮೈಸೂರಿನ ನಾನು, ಧಾರವಾಡ ಕಡೆಯ ನಮ್ಮ ಪ್ರೋಗ್ರಾಮರು, ಅಷ್ಟೇ. ಅವರು ಗಿರಾಕಿಗಳ ಫೋನೆಂದರೆ ಮಾರುದೂರ ಓಡುವ ಮನುಷ್ಯ. ಹಾಗಾಗಿ ಅದು ನನ್ನ ತಲೆಗೇ ಬಂತು.

ನಮ್ಮ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಸ್ಮಾರ್ಟ್‌ಫೋನು ಆಗಷ್ಟೇ ಎಲ್ಲರ ಜೇಬಿಗೂ ಇಳಿಯುತ್ತಿದ್ದ ಕಾಲ. ಠಾಣೆ, ಡೊಂಬಿವ್ಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ರಕ್ತ ಸಂಗ್ರಹ ಕೇಂದ್ರಗಳಿದ್ದ ಒಂದು ಲ್ಯಾಬಿಗೆ ನಾವು ವೆಬ್‌ಸೈಟು ಕಟ್ಟುತ್ತಿದ್ದೆವು. ರಕ್ತ ಕೊಟ್ಟವರು ಕಾಗದಕ್ಕಾಗಿ ಮತ್ತೆ ಬಂದು ಸರತಿಯಲ್ಲಿ ನಿಲ್ಲಬೇಕಿಲ್ಲ. ಮೊಬೈಲು ನಂಬರು ಹಾಕಿದರೆ ಒಂದು ಕೋಡು ಬರುತ್ತದೆ, ಕೋಡು ಒತ್ತಿದರೆ ಹಳೆಯದು, ಹೊಸದು, ಎಲ್ಲ ರಿಪೋರ್ಟೂ ಸಾಲಾಗಿ ಕಾಣುತ್ತವೆ. ಕೆಲವು ಕೇಂದ್ರಗಳಲ್ಲಿ ಪ್ರಾಯೋಗಿಕವಾಗಿ ಶುರುವಾಗಿತ್ತು, ಪೂರ್ತಿ ಬಿಡುಗಡೆ ಹತ್ತಿರದಲ್ಲಿತ್ತು. ಇದರಲ್ಲಿ ನಮ್ಮ ಮ್ಯಾನೇಜರರ ಮುದ್ದಿನ ಸೌಲಭ್ಯ ಒಂದಿತ್ತು. ಒಂದೇ ನಂಬರು ಕೊಟ್ಟವರೆಲ್ಲ ಒಂದೇ ಕುಟುಂಬ ಎಂದು ಲೆಕ್ಕ. ಅಜ್ಜಿಯ ಥೈರಾಯ್ಡು, ಅಪ್ಪನ ಸಕ್ಕರೆ, ಮಗುವಿನ ಹಿಮೋಗ್ಲೋಬಿನ್ನು, ಎಲ್ಲವೂ ಒಂದೇ ಕಡೆ. ಕೇಳಲು ಚೆಂದವಾಗಿತ್ತು, ನನಗೂ ಹಿಡಿಸಿತ್ತು.

ಲ್ಯಾಬಿನ ಮಾಲೀಕರಿಗೆ ತೋರಿಸಲು ಮಾಡಿದ್ದ ಸ್ಲೈಡುಗಳಲ್ಲಿ ಒಂದಕ್ಕೆ ಮ್ಯಾನೇಜರು ‘ಡೊಂಬಿವ್ಲಿ ಕೇಂದ್ರದ ಅತಿ ದೊಡ್ಡ ಕುಟುಂಬ’ ಎಂದು ತಲೆಬರಹ ಕೊಟ್ಟಿದ್ದರು. ಒಂದೇ ನಂಬರಿನಲ್ಲಿ ಮೂವತ್ತಕ್ಕೂ ಹೆಚ್ಚು ಜನ! “ಬಘಾ, ನೋಡಿ ಮ್ಯಾಡಂ, ಈ ಕಾಲದಲ್ಲೂ ಕೂಡು ಕುಟುಂಬ ಇದೆ,” ಎಂದು ಬೀಗಿದ್ದರು. ಸ್ಲೈಡಿನಲ್ಲಿ ಹೆಸರುಗಳಿರಲಿಲ್ಲ, ಬರೀ ಸಂಖ್ಯೆ ಇತ್ತು. ಹಾಗಾಗಿ ನಮಗ್ಯಾರಿಗೂ ಏನೂ ಅನ್ನಿಸಲಿಲ್ಲ.

ದೂರು ಕೊಟ್ಟವರಿಗೆ ಫೋನು ಹಚ್ಚಿದೆ. ಆ ಕಡೆ ಪಾತ್ರೆಗಳ ಸದ್ದು. ಯಾರೋ “ಎರಡು ಮಸಾಲೆ, ಒಂದು ಸಾದಾ” ಎಂದು ಕೂಗುತ್ತಿದ್ದರು.

“ಮೇಡಂ, ನೀವು ಕನ್ನಡದವ್ರಾ? ಬಚಾವಾದೆ ಮಾರಾಯ್ರೆ,” ಎಂದಿತು ಒಂದು ದನಿ. “ನಂದೊಂದು ರಿಪೋರ್ಟು ಬರ್ಲಿಕ್ಕುಂಟು. ಅದು ಬರುವ ಮೊದ್ಲೇ ಅಳಿಸ್ಲಿಕ್ಕೆ ಆಗ್ತದಾ?”

“ಬರೋಕ್ ಮುಂಚೆ ಅಳಿಸೋದಾ? ಅಲ್ಲಾ ಸ್ವಾಮಿ, ಬೇಡದಿದ್ರೆ ರಕ್ತ ಯಾಕ್ ಕೊಟ್ರಿ?”

“ಬೇಕು ಮೇಡಂ, ನಂಗೆ ಬೇಕು. ಆದ್ರೆ ಅದು ಗಲ್ಲಾದ ಫೋನಿಗೆ ಬರ್ಬಾರ್ದು.”

ತಲೆಬುಡ ತಿಳಿಯಲಿಲ್ಲ. ಹೆಸರು ಕೇಳಿ ಕಂಪ್ಯೂಟರಿನಲ್ಲಿ ಅವರ ದಾಖಲೆ ತೆರೆದೆ. ಒಬ್ಬರ ಹೆಸರು ಹುಡುಕಿದರೆ ಪರದೆಯ ತುಂಬ ಹೆಸರುಗಳು. ಮೇಲಿಂದ ಕೆಳಗೆ ಸರಿಸಿದೆ, ಮತ್ತೆ ಸರಿಸಿದೆ. ಎಲ್ಲರೂ ಗಂಡಸರು. ಕುಂದಾಪುರ, ಬೈಂದೂರು, ಕಾರ್ಕಳ ಕಡೆ ಇಡುವಂಥ ಹೆಸರುಗಳು. ವಿಳಾಸ ಎಲ್ಲರದ್ದೂ ಒಂದೇ: ಠಾಕುರ್ಲಿ ಸ್ಟೇಷನ್ ಹತ್ತಿರದ ಹೋಟೆಲು, ಮೇಲಿನ ಮಹಡಿ. ಅಯ್ಯೋ ರಾಮ! ಇದು ಮ್ಯಾನೇಜರರ ಕೂಡು ಕುಟುಂಬ. ಅಷ್ಟೇ ಅಲ್ಲ, ನಾನು ವಾರಕ್ಕೊಮ್ಮೆಯಾದರೂ ದೋಸೆ ತಿನ್ನುವ ಹೋಟೆಲು.

ಈ ಕಡೆಯ ಹೋಟೆಲುಗಳ ರೂಢಿ ಗೊತ್ತಿದ್ದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನಿಂದ ಒಂಟಿಯಾಗಿ ಬಂದು, ಹೋಟೆಲಿನ ಮೇಲೆಯೇ ಮಲಗಿ, ಕೆಳಗೆ ದುಡಿಯುವವರು ಇವರು. ತಮ್ಮ ಸಿಮ್ಮು ಆಫರು ಬಂದಾಗಲೆಲ್ಲ ಬದಲಾಗುತ್ತದೆ. ಬದಲಾಗದ್ದು ಗಲ್ಲಾ ಪೆಟ್ಟಿಗೆಯ ಪಕ್ಕ ಇರುವ ಹೋಟೆಲಿನ ಫೋನು ಒಂದೇ. ಬ್ಯಾಂಕಿನವರು ಕೇಳಲಿ, ಆಸ್ಪತ್ರೆಯವರು ಕೇಳಲಿ, ಬಾಯಿಗೆ ಬರುವುದು ಅದೇ ನಂಬರು. ಊರಿನ ಮನೆಯವರೂ ಅದಕ್ಕೇ ಫೋನು ಮಾಡುತ್ತಾರೆ.

ಅವತ್ತು ಸಂಜೆ ನೇರ ಹೋಟೆಲಿಗೇ ಹೋದೆ. ಯಜಮಾನರು ಗಲ್ಲಾದಲ್ಲಿ ಕನ್ನಡಕ ಮೂಗಿನ ತುದಿಗಿಳಿಸಿ ಫೋನು ಹಿಡಿದು ಕೂತಿದ್ದರು. ಅದರಲ್ಲಿ ನಮ್ಮದೇ ವೆಬ್‌ಸೈಟು. “ಏ, ಚಟ್ನಿಯವನೇ, ನಿನ್ನ ಸಕ್ಕರೆ ಇಳಿದಿದೆ ನೋಡು! ಭೇಷ್! ಹೋಯ್, ಪಾರ್ಸೆಲಿನವ, ನಿಂಗೆ ರಕ್ತ ಕಮ್ಮಿ ಅಂತ ಬಂದಿದೆ, ನಾಳೆಯಿಂದ ಬೀಟ್‌ರೂಟು ತಿನ್ನು ಮಾರಾಯ,” ಎಂದು ಅಡಿಗೆಮನೆಗೆ ಕೇಳುವಂತೆ ಕೂಗುತ್ತಿದ್ದರು. ಕೂತು ತಿನ್ನುತ್ತಿದ್ದವರೂ ನಗುತ್ತಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಪ್ರತಿ ವರ್ಷ ಎಲ್ಲರಿಗೂ ತಾವೇ ನಿಂತು ಟೆಸ್ಟು ಮಾಡಿಸುತ್ತಿದ್ದರು, ಔಷಧಿಯನ್ನೂ ಕೊಡಿಸುತ್ತಿದ್ದರು. ನಮ್ಮ ವೆಬ್‌ಸೈಟನ್ನು ಅಷ್ಟು ಪ್ರೀತಿಯಿಂದ ಬಳಸಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ನಾನು ಫೋನಿನಲ್ಲಿ ಮಾತಾಡಿದ್ದವರು ಕಾವಲಿಯ ಮುಂದೆ ದೋಸೆ ಹಾಕುತ್ತಿದ್ದರು. ಫೋನಿನ ಮೇಡಂ ನಾನೇ ಎಂದು ಮೆಲ್ಲನೆ ಹೇಳಿದ ಮೇಲೆ ಬದಲಿಯವರಿಗೆ ಸಟ್ಟುಗ ಕೊಟ್ಟು ಬಂದರು. ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಬಳಿ ನಿಂತು ಮಾತಾಡಿದೆವು. ನಲವತ್ತರ ಆಸುಪಾಸಿನವರು. ಹಿಟ್ಟಿನ ಕೊಪ್ಪರಿಗೆ ಎತ್ತಿ ಎತ್ತಿ ಹರ್ನಿಯಾ ಆಗಿತ್ತು. ಆಪರೇಷನ್ನಿಗೆ ಮುಂಚೆ ಮಾಡುವ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂದು ಬಂದಿತ್ತು. ಲಿವರಿಗೆ ಸೇರಿಕೊಳ್ಳುವ ವೈರಸ್ಸು ಅದು. ರಕ್ತದಲ್ಲಿ ಅದು ಎಷ್ಟಿದೆ ಎಂದು ಅಳೆದ ಮೇಲೆ ಆಪರೇಷನ್ನಿನ ಮಾತು ಎಂದಿದ್ದರಂತೆ ಸರ್ಜನ್ನರು. ಆ ಪರೀಕ್ಷೆಗೆ ಡೊಂಬಿವ್ಲಿಯ ನಮ್ಮ ಕೇಂದ್ರದಲ್ಲಿ ರಕ್ತ ಕೊಟ್ಟು, ನಂಬರು ಕೇಳಿದಾಗ ರೂಢಿಯಂತೆ ಗಲ್ಲಾದ್ದನ್ನೇ ಹೇಳಿ, ಕೇಂದ್ರದ ಬಾಗಿಲು ದಾಟಿದ ಮೇಲೆ ಮಾಡಿಕೊಂಡ ಎಡವಟ್ಟು ಹೊಳೆದಿದೆ.

“ತಿನ್ನುದ್ರಿಂದ, ಮುಟ್ಟುದ್ರಿಂದ ಹರಡುದಿಲ್ಲ ಅಂತ ಡಾಕ್ಟ್ರು ಹೇಳಿದ್ರು,” ಎಂದರು. “ಡಾಕ್ಟ್ರಿಗೆ ಗೊತ್ತುಂಟು, ನಂಗೆ ಗೊತ್ತುಂಟು. ದೋಸೆ ತಿನ್ನುವವರಿಗೆ ಗೊತ್ತುಂಟಾ? ಧನಿಗಳು ಓದುದು ಇಡೀ ಹೋಟ್ಲಿಗೆ ಕೇಳ್ತದೆ. ಮತ್ತೆ ನನ್ನ ಕೈದು ಯಾರು ತಿಂತಾರೆ?”

ಸುಳ್ಳು ಯಾಕೆ ಹೇಳಲಿ, ವಾರವಾರ ಅವರ ಕೈಯ ದೋಸೆ ತಿಂದ ನನಗೂ ಒಂದು ಕ್ಷಣ ಬೇರೆ ಹೋಟೆಲು ನೋಡಿಕೊಳ್ಳಲೇ ಅನ್ನಿಸಿತು. ಓದಿಕೊಂಡ ನನಗೇ ಹಾಗಾದರೆ ಉಳಿದವರ ಮಾತೇನು?

“ಮನೆಯವ್ರಿಗೆ ಹೇಳಿದೀರಾ?”

“ಹೆಂಡ್ತಿ ಬೈಂದೂರಿನಲ್ಲಿದ್ದಾಳೆ. ಫೋನಲ್ಲಿ ಎಂತ ಹೇಳುದು?” ಎಂದು ಮುಖ ತಿರುಗಿಸಿದರು. “ನೀವು ಅಳಿಸಿದ್ರೆ ಇರ್ತೇನೆ. ಇಲ್ಲದಿದ್ರೆ ರಿಪೋರ್ಟು ಬರುವ ಮೊದ್ಲು ಊರಿಗೆ ಹೊರಡ್ತೇನೆ. ಆಪರೇಷನ್ನೂ ಬೇಡ, ಎಂತದ್ದೂ ಬೇಡ.”

“ಅಳಿಸಿಬಿಟ್ರೆ ಸರ್ಜನ್‌ಗೆ ಏನ್ ತೋರಿಸ್ತೀರ? ಅದು ನಿಮ್ಗೇ ಬೇಕಾಗಿರೋ ರಿಪೋರ್ಟು ಕಣ್ರೀ. ಸ್ವಲ್ಪ ತಡೀರಿ. ಗಲ್ಲಾ ಫೋನಿಗೆ ಹೋಗದ ಹಾಗೆ ನಾನು ನೋಡ್ಕೋತೀನಿ,” ಎಂದು ಮಾತು ಕೊಟ್ಟುಬಿಟ್ಟೆ. ಹೇಗೆ ನೋಡಿಕೊಳ್ಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮರುದಿನ ಕಾಯಿಲೆಯ ಹೆಸರೆತ್ತದೆ ಪ್ರೋಗ್ರಾಮರಿಗೆ ವಿಷಯ ಹೇಳಿದೆ. “ಅಷ್ಟ ಅಲ್ರಿ ಮೇಡಂ? ಅವರ ಸ್ವಂತ ನಂಬರ್ ಹಾಕಿ ಬಿಟ್ರ ಮುಗೀತು,” ಎಂದು ಚಹಾ ಆರುವುದರೊಳಗೆ ಮಾಡಿ ಮುಗಿಸಿದರು. ಆ ದೊಡ್ಡ ಕುಟುಂಬದಲ್ಲಿ ಒಂದು ತಲೆ ಕಡಿಮೆಯಾಯಿತು. ನಾನು ಹಗುರಾಗಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ದೋಸೆಯವರು ಮತ್ತೆ ಪಟ್ಟಿಯಲ್ಲಿ!

ಪ್ರೋಗ್ರಾಮರು ತಲೆ ಕೆರೆದುಕೊಂಡು ಕಾರಣ ಹುಡುಕಿದರು. ಒಬ್ಬರೇ ಮನುಷ್ಯ ಎರಡೆರಡು ಕಡೆ ಇರಬಾರದೆಂದು ದಿನವೂ ಎಲ್ಲ ದಾಖಲೆಗಳನ್ನು ಹೋಲಿಸಿ ನೋಡುವ ಪ್ರೋಗ್ರಾಮೊಂದನ್ನು ನಾವೇ ಇಟ್ಟಿದ್ದೆವು. ಹೆಸರು, ವಯಸ್ಸು, ವಿಳಾಸ ಹೊಂದಿದರೆ ಅದು ಎಳೆದು ತಂದು ಒಂದು ಮಾಡುತ್ತಿತ್ತು. ಹಾಗಾದರೆ ವಿಳಾಸ ಬದಲಿಸೋಣ ಎಂದೆ. ಬೇರೆ ವಿಳಾಸ ಎಲ್ಲಿಂದ ತರುವುದು? ಅವರು ಮಲಗುವುದೇ ಅಲ್ಲಿ. ವಿಳಾಸದ ಜಾಗ ಖಾಲಿ ಬಿಟ್ಟೆವು. ಮಾರನೆಯ ದಿನ ಮತ್ತೆ ಅಲ್ಲಿಯೇ. ಯಜಮಾನರು ವರ್ಷವರ್ಷ ಮಾಡಿಸಿದ್ದ ಹಳೆಯ ಟೆಸ್ಟುಗಳು ಗಲ್ಲಾ ನಂಬರಿನಲ್ಲಿದ್ದವಲ್ಲ, ಅವೇ ಹಗ್ಗ ಹಾಕಿ ಎಳೆಯುತ್ತಿದ್ದವು. ವಿಳಾಸ ಖಾಲಿಯಿದ್ದರೆ ಹೆಸರು, ವಯಸ್ಸು ಹೊಂದಿದರೂ ಆ ಪ್ರೋಗ್ರಾಮಿಗೆ ಸಾಕಿತ್ತು.

“ಇದಕ್ಕ ಕುಟುಂಬ ಅಂದ್ರ ಭಾಳ ಪ್ರೀತಿರಿ ಮೇಡಂ. ಯಾರನ್ನೂ ಬಿಟ್ಟು ಕೊಡೂದಿಲ್ಲ,” ಎಂದರು ಪ್ರೋಗ್ರಾಮರು. ನನಗೆ ನಗು ಬರಲಿಲ್ಲ.

ಇನ್ನೂ ಕೆಟ್ಟದ್ದೊಂದು ಆಗಿತ್ತು, ಅದನ್ನು ನಾವು ಊಹಿಸಿರಲೇ ಇಲ್ಲ. ಹಾಗೆ ಎಳೆದು ಸೇರಿಸಿದಾಗಲೆಲ್ಲ ವೆಬ್‌ಸೈಟು ತಾನಾಗಿ ಗಲ್ಲಾ ಫೋನಿಗೆ ಒಂದು ಮೆಸೇಜು ಕಳಿಸುತ್ತಿತ್ತು: ‘ಅಭಿನಂದನೆಗಳು! ನಿಮ್ಮ ಕುಟುಂಬಕ್ಕೆ ಹೊಸ ಸದಸ್ಯರು ಸೇರಿದ್ದಾರೆ.’ ಕೆಳಗೆ ದೋಸೆಯವರ ಹೆಸರು.

ಮಧ್ಯಾಹ್ನ ಅವರ ಫೋನು ಬಂತು. “ಮೇಡಂ, ಎಂತ ಮಾಡ್ತಿದ್ದೀರಿ ನೀವು? ‘ದಿನಾ ಬೆಳಿಗ್ಗೆ ನೀನು ಹೊಸತಾಗಿ ಹುಟ್ಟುದಾ ಮಾರಾಯ?’ ಅಂತ ಧನಿಗಳು ಎಲ್ಲರೆದುರು ಕೇಳಿದ್ರು. ಎಲ್ಲರೂ ನಗಾಡಿದ್ರು. ಮತ್ತೆ ಮೆಲ್ಲ ಹತ್ತಿರ ಕರೆದು, ‘ಎಂತ ಟೆಸ್ಟು ಕೊಟ್ಟಿದ್ದಿ?’ ಅಂತ ಕೇಳಿದ್ರು. ನಾನು ಬ್ಯಾಗು ಕಟ್ಟಿದ್ದೇನೆ. ನಾಳೆ ಹೊರಡುದು.”

ನಾಳೆಯೋ ನಾಡಿದ್ದೋ ರಿಪೋರ್ಟು ಬರುವುದಿತ್ತು. “ಒಂದು ದಿನ ಇರಿ ಅಣ್ಣ, ನಿಮ್ ಕಾಲಿಗೆ ಬೀಳ್ತೀನಿ, ಒಂದೇ ದಿನ,” ಎಂದೆ. ಗಿರಾಕಿಯ ಹತ್ತಿರ ಹೀಗೆ ಅಂಗಲಾಚಿದ್ದು ನನ್ನ ನೌಕರಿಯಲ್ಲಿ ಅದೇ ಮೊದಲು. “ನೋಡುವಾ,” ಎಂದು ಅವರು ಫೋನಿಟ್ಟರು.

ಅಂದೇ ಸಂಜೆ ಬಿಡುಗಡೆಯ ಮೀಟಿಂಗು. ಒಬ್ಬರಿಗೊಂದು ವಿನಾಯಿತಿ ಕೇಳಿಕೊಂಡು ಬರಬೇಕೆಂದು ಹೊರಟಿದ್ದೆ. ಮ್ಯಾನೇಜರು ಕೈ ಆಡಿಸಿಬಿಟ್ಟರು. “ಅರೇ ಮ್ಯಾಡಂ, ಒಬ್ಬ ಗಿರಾಕಿಗಾಗಿ ರೂಲು ಬದಲಿಸುವುದೇ? ಕಾಗದದ ರಿಪೋರ್ಟು ಕೊಡಿ, ಛೋಡೋ ನಾ.” ಕಾಗದ ಕೊಟ್ಟರೂ ಮೆಸೇಜು ಹೋಗುತ್ತದಲ್ಲ ಎಂದರೆ, ಅದನ್ನು ಬಿಡುಗಡೆಯ ನಂತರ ನೋಡೋಣ ಎಂದರು. ನನ್ನ ಪಿತ್ತ ನೆತ್ತಿಗೇರಿತು. ಗೋಡೆಯ ಮೇಲೆ ಅವರ ಸ್ಲೈಡು ಹೊಳೆಯುತ್ತಿತ್ತು, ಅತಿ ದೊಡ್ಡ ಕುಟುಂಬ.

“ಸರ್, ಈ ಕುಟುಂಬದಲ್ಲಿ ಹೆಂಗಸರು ಎಷ್ಟು ಜನ?” ಎಂದು ಹಿಂದಿಯಲ್ಲಿ ಕೇಳಿದೆ.

“ಅಂದರೆ?”

“ಕೂಡು ಕುಟುಂಬ ಅಂದಿರಿ. ಅಜ್ಜಿ, ಸೊಸೆ, ಹೆಣ್ಣುಮಕ್ಕಳು ಇರಬೇಕಲ್ಲ? ಎಣಿಸಿ ನೋಡೋಣ.”

ಪ್ರೋಗ್ರಾಮರು ಅಲ್ಲಿಯೇ ಲ್ಯಾಪ್‌ಟಾಪಿನಲ್ಲಿ ಎಣಿಸಿದರು. ಹೆಂಗಸರು ಸೊನ್ನೆ. ಮಕ್ಕಳು ಸೊನ್ನೆ. ಮೀಟಿಂಗಿನಲ್ಲಿ ಎಲ್ಲರೂ ಘೊಳ್ಳೆಂದು ನಕ್ಕರು, ಮ್ಯಾನೇಜರೂ ನಕ್ಕರು. “ಇಂಥ ಕುಟುಂಬ ಇನ್ನೆಷ್ಟಿವೆ ತೆಗೀರಿ,” ಎಂದೆ ಪ್ರೋಗ್ರಾಮರಿಗೆ. ಹೆಸರುಗಳನ್ನು ಮರೆಮಾಡಿ ತೆಗೆದರು. ಕಲ್ಯಾಣದ ಒಂದು ಕೋಣೆಯ ವಾಚ್‌ಮನ್ನರು ಒಂದು ಕುಟುಂಬ. ನವಿ ಮುಂಬಯಿಯ ಯಾವುದೋ ಹಾಸ್ಟೆಲಿನ ಹುಡುಗಿಯರು ವಾರ್ಡನ್ನಿನ ನಂಬರಿನಲ್ಲಿ ಒಂದು ಕುಟುಂಬ. ಠಾಣೆಯ ಒಂದೇ ವಸತಿ ಸೊಸೈಟಿಯಲ್ಲಿ ಮನೆಗೆಲಸ ಮಾಡುವ ಹೆಂಗಸರೆಲ್ಲ ಒಬ್ಬ ಮನೆಯೊಡತಿಯ ನಂಬರಿನಲ್ಲಿ ಒಂದು ಕುಟುಂಬ. ಅವರಲ್ಲೊಬ್ಬರು ಮಾಡಿಸಿದ್ದು ಗರ್ಭ ಪರೀಕ್ಷೆ. ಫಲಿತಾಂಶ ಮನೆಯೊಡತಿಯ ಫೋನಿಗೆ ಹೋಗಿ ಎಷ್ಟೋ ದಿನವಾಗಿತ್ತು. ನಗು ತಾನಾಗಿಯೇ ನಿಂತಿತು.

ಆ ಪಟ್ಟಿ ನೋಡುತ್ತ ನೋಡುತ್ತ ನನ್ನ ಮನಸ್ಸು ಬದಲಾಯಿತು. ಒಬ್ಬರಿಗೆ ವಿನಾಯಿತಿ ಕೇಳುವುದರಲ್ಲಿ ಅರ್ಥವಿರಲಿಲ್ಲ. “ಎಲ್ಲ ಕುಟುಂಬಗಳನ್ನೂ ಬಿಡಿಸಿಬಿಡೋಣ ಸರ್. ನಿಜವಾದವನ್ನೂ ಸೇರಿಸಿ. ಪ್ರತಿಯೊಬ್ಬರೂ ಬೇರೆ ಬೇರೆ. ಯಾರ ಜೊತೆ ಸೇರಬೇಕೆಂದು ಅವರೇ ಹೇಳಿದರೆ ಮಾತ್ರ ಸೇರಿಸೋಣ. ಈಗಲೇ ಹಂಚಿಕೊಂಡ ನಂಬರುಗಳಿಗೆಲ್ಲ ಮೆಸೇಜು ನಿಲ್ಲಿಸೋಣ,” ಎಂದೆ. ಹಾಗೆ ಮಾಡಿದರೆ ಬಿಡುಗಡೆ ಮುಂದೆ ಹೋಗುತ್ತದೆ, ಆ ಚೆಂದದ ಸ್ಲೈಡು ಹೋಗುತ್ತದೆ, ಲ್ಯಾಬಿನವರ ಬೈಗುಳ ಮ್ಯಾನೇಜರೇ ತಿನ್ನಬೇಕು. ಅದು ಗೊತ್ತಿದ್ದೇ ಕೇಳಿದೆ.

ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಪ್ರೋಗ್ರಾಮರ ಕಡೆ ತಿರುಗಿ, “ಬಂದ್ ಕರಾ. ಆತ್ತಾಚ್,” ಎಂದರು. ಈಗಿಂದೀಗಲೇ ನಿಲ್ಲಿಸಿ. ಅಲ್ಲಿಯೇ ಕೂತು ಲ್ಯಾಬಿಗೆ ಮೇಲ್ ಬರೆದರು. ಹುಂಬತನವಿದ್ದರೂ ಆ ಮನುಷ್ಯ ದೊಡ್ಡವರು ಎಂದು ನನಗೆ ಅವತ್ತು ಅನ್ನಿಸಿತು. ದೋಸೆಯವರ ರಿಪೋರ್ಟು ಮರುದಿನ ಬಂತು. ಯಾವ ಫೋನೂ ಟಿಂಗ್ ಎನ್ನಲಿಲ್ಲ.

ಇಷ್ಟಾದರೂ ಮುಗಿಯಲಿಲ್ಲ. ಯಾರ ನಂಬರು ಯಾರದ್ದು ಎಂದು ಕೇಂದ್ರಗಳಲ್ಲಿ ಕೇಳಿ ತಿಳಿಯಬೇಕಿತ್ತು. ‘ಈ ನಂಬರು ನಿಮ್ಮದೇ?’ ಎಂಬ ಪ್ರಶ್ನೆ ಬರೆದುಕೊಟ್ಟೆ. ಡೊಂಬಿವ್ಲಿ ಕೇಂದ್ರದಲ್ಲಿ ನಾನೇ ಕೂತು ನೋಡಿದೆ. ಎಲ್ಲರೂ ಹೌದು ಎಂದವರೇ. ಹೋಟೆಲಿನವರಿಗೆ ಗಲ್ಲಾ ನಂಬರೂ ನಮ್ಮದೇ, ಮನೆಗೆಲಸದವರಿಗೆ ಭಾಭಿಯ, ಅಂದರೆ ಮನೆಯೊಡತಿಯ, ನಂಬರೂ ನಮ್ಮದೇ. ಅದನ್ನು ಹೊಡೆದುಹಾಕಿ ಇನ್ನೊಂದು ಬರೆದೆ: ‘ಈ ಫೋನಿಗೆ ಬಂದ ಮೆಸೇಜನ್ನು ನಿಮ್ಮನ್ನು ಬಿಟ್ಟು ಬೇರೆ ಯಾರು ಓದುತ್ತಾರೆ?’ ಈಗ ಜನ ತಡೆದು ಯೋಚಿಸತೊಡಗಿದರು. ಕೆಲವರು ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, ಬೇರೆ ನಂಬರು ಹೇಳಿದರು. ಸ್ವಂತ ಫೋನೇ ಇಲ್ಲದವರಿಗೆ ಗುಪ್ತಪದವೊಂದನ್ನು ಆರಿಸಿಕೊಂಡು ಕೇಂದ್ರದಲ್ಲಿಯೇ ನೋಡುವ ವ್ಯವಸ್ಥೆ ಮಾಡಿದೆವು. ಬಿಡುಗಡೆ ಬಹಳ ತಡವಾಯಿತು. ಬೈಗುಳವೂ ಬಂತು, ಮ್ಯಾನೇಜರು ತಿಂದರು.

ದೋಸೆಯವರು ಹೊರಟಿರಲಿಲ್ಲ. ರಿಪೋರ್ಟು ಬಂದ ದಿನವೇ ಅದೇ ಸೇತುವೆಯ ಮೆಟ್ಟಿಲ ಬಳಿ ಅವರ ಫೋನಿನಲ್ಲಿ ಕೋಡು ಒತ್ತುವುದನ್ನು ಹೇಳಿಕೊಟ್ಟೆ. ತೆರೆಯುವ ಹೊತ್ತಿಗೆ ನಾನು ಆ ಕಡೆ ಮುಖ ಮಾಡಿದೆ.

“ನೀವು ನೋಡುದಿಲ್ವಾ ಮೇಡಂ?”

“ನಿಮ್ದು. ನೀವೇ ನೋಡಿ.”

ಸ್ವಲ್ಪ ಹೊತ್ತಾದ ಮೇಲೆ, “ನನ್ನ ಹೆಸ್ರು ಒಂದೇ ಉಂಟು ಇದ್ರಲ್ಲಿ,” ಎಂದರು, ನಂಬಲಾಗದವರಂತೆ. ಅಂಕಿಗಳು ಅವರಿಗೆ ಅರ್ಥವಾಗುವಂಥವಲ್ಲ. ಅದನ್ನು ತೋರಿಸಲು ಅವತ್ತೇ ಆಸ್ಪತ್ರೆಗೆ ಓಡಿದರು. ವೈರಸ್ಸು ಬಹಳ ಕಡಿಮೆ, ಲಿವರು ಚೆನ್ನಾಗಿದೆ, ಸದ್ಯಕ್ಕೆ ಔಷಧಿಯೂ ಬೇಡ, ಆರಾರು ತಿಂಗಳಿಗೆ ಪರೀಕ್ಷೆ ಮಾಡಿಸುತ್ತಿರಬೇಕು, ಹರ್ನಿಯಾ ಆಪರೇಷನ್ನಿಗೆ ಅಡ್ಡಿಯಿಲ್ಲ ಎಂದರಂತೆ ಡಾಕ್ಟರು. ಹೆಂಡತಿ ಮಗಳಿಗೆ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಲೇಬೇಕು ಎಂದೂ ಹೇಳಿದರಂತೆ. ಈ ಕೊನೆಯ ಮಾತು ಹೇಳುವಾಗ ಅವರ ದನಿ ಮತ್ತೆ ಇಳಿದಿತ್ತು.

ಇತ್ತ ಯಜಮಾನರಿಗೆ ಬೇಸರ. ಒಂದು ದಿನ ಬಿಲ್ಲು ಕೊಡಲು ಹೋದಾಗ ಹಿಡಿದುಕೊಂಡರು. “ಮೇಡಂ, ನಿಮ್ಮ ಆಫೀಸಿನವರು ನಮ್ಮ ಮಕ್ಕಳನ್ನೆಲ್ಲ ನನ್ನ ಫೋನಿಂದ ತೆಗೆದುಹಾಕಿದ್ದಾರಲ್ಲ? ನಾನೆಂತ ಹೊರಗಿನವನಾ?” ಕಣ್ಣಲ್ಲಿ ನಿಜವಾದ ನೋವಿತ್ತು. ನಾನು ಪಕ್ಕದಲ್ಲಿ ಮೇಜು ಒರೆಸುತ್ತಿದ್ದ ಸಪ್ಲೈಯರನ್ನು ಕೇಳಿದೆ: “ಯಜಮಾನ್ರ ಸಕ್ಕರೆ ಹೇಗಿದೆಯಪ್ಪಾ?”

ಅವರು ತಲೆಯೆತ್ತದೆ ಹೇಳಿದರು: “ಧನಿಗ್ಳದ್ದು ಏರಿಯೇ ಉಂಟು, ಗಲ್ಲಾದ ಫೋನಲ್ಲಿ ನಾವೂ ನೋಡಿದ್ದೇವೆ. ಅದಕ್ಕೇ ನಾವು ಅವರ ಚಾಕ್ಕೆ ಸಕ್ಕರೆ ಹಾಕುದು ಬಿಟ್ಟಿದ್ದೇವೆ.”

ಯಜಮಾನರು ಕಣ್ಣರಳಿಸಿದರು. “ಓಹೋ! ಚಾ ಸಪ್ಪೆ ಯಾಕೆ ಅಂತ ನಾನು ಹಾಲಿನವನಿಗೆ ಬೈದದ್ದೇ ಬೈದದ್ದು!” ಎಂದು ಹೊಟ್ಟೆ ಕುಣಿಯುವಂತೆ ನಕ್ಕು, ಆಮೇಲೆ ನನ್ನ ಕಡೆ ಬಾಗಿ ಮೆಲ್ಲನೆ, “ಹಾಗಾದ್ರೆ ನಂದೂ ಬೇರೆ ಮಾಡಿ ಮೇಡಂ,” ಎಂದರು.

ದೋಸೆಯವರ ಆಪರೇಷನ್ನು ಸುಸೂತ್ರವಾಗಿ ಆಯಿತು. ವಿಶ್ರಾಂತಿಗೆಂದು ಊರಿಗೆ ಹೋದವರು ಮಳೆಗಾಲ ಕಳೆದ ಮೇಲೆ ಮತ್ತೆ ಕಾವಲಿಯ ಮುಂದೆ ಕಾಣಿಸಿಕೊಂಡರು. ನನ್ನನ್ನು ನೋಡಿದ್ದೇ ಕೈ ಒರೆಸಿಕೊಂಡು ಬಂದು ಫೋನು ತೆರೆದು ಹಿಡಿದರು.

“ಈಗ ನೋಡಿ ಅಕ್ಕ. ನಾನೇ ತೋರಿಸ್ತಿದ್ದೇನೆ.”

ಪರದೆಯಲ್ಲಿ ‘ನನ್ನ ಕುಟುಂಬ’ ಎಂದಿತ್ತು. ಅವರು, ಹೆಂಡತಿ, ಮಗಳು. ಅವರವರ ಒಪ್ಪಿಗೆ ಪಡೆದು ಸೇರಿಸಿದ್ದರು. ಊರಿನಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಇಬ್ಬರಿಗೂ ಸೋಂಕಿಲ್ಲ ಎಂದು ಬಂದಿತ್ತಂತೆ.

“ಮನೆಯವ್ರು ಏನಂದ್ರು?”

“ಬೈದ್ಲು. ಕಾಯಿಲೆಗಲ್ಲ, ಇಷ್ಟು ದಿನ ಹೇಳದ್ದಕ್ಕೆ. ಮರುದಿನವೇ ಮಗಳನ್ನು ಕರ್ಕೊಂಡು ಹೋಗಿ ಇಬ್ರೂ ಸೂಜಿ ಹಾಕಿಸ್ಕೊಂಡ್ರು. ಈಗ ನನ್ನ ಮುಂದಿನ ಟೆಸ್ಟು ಯಾವಾಗ ಅಂತ ಅವ್ಳೇ ಅಲ್ಲಿಂದ ನೋಡಿ ಫೋನು ಮಾಡ್ತಾಳೆ.”

“ಯಜಮಾನ್ರಿಗೆ?”

“ಹೇಳ್ತೇನೆ. ನಾನೇ ಹೇಳ್ತೇನೆ, ಕೂತು, ಸರಿಯಾಗಿ.”

ಮಾತು ಬದಲಿಸಲು ಆಫೀಸಿನ ತಾಪತ್ರಯ ಎತ್ತಿದೆ. ಅವರ ಆ ಮೊದಲ ದೂರು ನನ್ನ ಹೆಸರಿನಲ್ಲಿ ಇನ್ನೂ ಕೆಂಪಗೆ ನಿಂತಿತ್ತು. ಏನು ಕ್ರಮ ಕೈಗೊಂಡೆ ಎಂದು ಬರೆಯದೆ ಮುಚ್ಚುವಂತಿರಲಿಲ್ಲ. ಪ್ರೋಗ್ರಾಮರು ದಿನವೂ ಅದನ್ನೇ ಹಿಡಿದು ಕಾಡುತ್ತಿದ್ದರು.

“‘ನನ್ನ ರಿಪೋರ್ಟು ಅಳಿಸಿಬಿಡಿ’ ಅಂತ ಹಾಗೇ ಇದೆ ಕಣ್ರೀ. ಏನಂತ ಬರೆದು ಮುಚ್ಲಿ?”

ಅವರು ಆಗಲೇ ಕಾವಲಿಯ ಹತ್ತಿರ ಹೋಗಿದ್ದರು. ಹಿಟ್ಟು ಹೊಯ್ದು, ಸುತ್ತ ತಿರುವಿ, ಅಂಚಿಗೆ ಎಣ್ಣೆ ಬಿಟ್ಟು, ನನ್ನ ಕಡೆ ನೋಡಿ ಗಟ್ಟಿಯಾಗಿಯೇ ಹೇಳಿದರು:

“ಅಳಿಸುದು ಬೇಡ ಅಂತ ಬರೀರಿ.”